ಬೆನ್ನಲ್ಲಿ ಸಿಕ್ಕಿಕೊಂಡ ಅಡಿಕೋಲು

ಟೈಲರಮ್ಮನ ಬೆನ್ನಿನಲ್ಲಿ, ಎರಡು ಹೆಗಲಮೂಳೆಗಳ ಸರಿಯಾಗಿ ನಡುವೆ, ಬೆಳಿಗ್ಗೆ ಒಂಬತ್ತಕ್ಕೆ ಒಂದು ತುರಿಕೆ ಎದ್ದಿತು. ಸಾಸಿವೆ ಕಾಳಿನಷ್ಟು ತುರಿಕೆ. ಬೇರೆ ಕಾಲದಲ್ಲಾಗಿದ್ದರೆ ಕೈ ಹಿಂದೆ ಹಾಕಿ ಒಂದು ಸಲ ಪರಚಿಕೊಂಡು ಮರೆತುಬಿಡುತ್ತಿದ್ದಳು. ಆದರೆ ಕೈಯನ್ನು ಹೆಗಲಿಗಿಂತ ಮೇಲೆ ಎತ್ತಬಾರದು, ಹಿಂದಕ್ಕೆ ತಿರುಚಲೂಬಾರದು ಎಂದು ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿ ಮೂರು ವಾರವಾಗಿತ್ತು.

ಹೋದ ವರ್ಷ ಕ್ಯಾನ್ಸರ್ ಬಂದು ಆಕೆಯ ಎಡಗಡೆಯ ಮೊಲೆ ತೆಗೆದಿದ್ದರು. ಈಗ ಮೂರು ವಾರದ ಹಿಂದೆ ಹೊಟ್ಟೆಯ ಕೆಳಭಾಗದ ಮಾಂಸ ತೆಗೆದು ಅಲ್ಲೊಂದು ಹೊಸ ಮೊಲೆ ಕಟ್ಟಿಕೊಟ್ಟಿದ್ದರು. ಶಾಲೆಮಕ್ಕಳ ಯೂನಿಫಾರಂ ಹೊಲಿದೇ ಇಪ್ಪತ್ತು ವರ್ಷ ಕಳೆದವಳಿಗೆ ಇದೇನೂ ಅರ್ಥವಾಗದ ಕೆಲಸವಲ್ಲ. "ಕೆಳಗಡೆ ಮಡಿಕೇಲಿ ಬಟ್ಟೆ ಜಾಸ್ತಿ ಇತ್ತು, ಬಿಚ್ಚಿ ಮೇಲ್ಗಡೆ ಹಾಕಿದ್ದಾರೆ" ಎಂದು ನೋಡಲು ಬಂದವರಿಗೆಲ್ಲ ಹೇಳುತ್ತಿದ್ದಳು. ಕನ್ನಡಿ ಮುಂದೆ ನಿಂತಾಗಲೆಲ್ಲ ಆ ಹೊಲಿಗೆ ನೋಡಿ ಡಾಕ್ಟರಮ್ಮನಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದಳು. ಎಲ್ಲೂ ಸುಕ್ಕಿಲ್ಲ, ಎಲ್ಲೂ ದಾರ ಎದ್ದಿಲ್ಲ. ಇಂಥ ಕೈ ತನ್ನ ಅಂಗಡಿಯಲ್ಲಿದ್ದಿದ್ದರೆ!

ಕೊರಗು ಒಂದೇ, ಸ್ನಾನದ್ದು. ಪಕ್ಕೆಯಿಂದ ಸಣ್ಣ ಪೈಪೊಂದು ಹೊರಬಂದು, ಅದರ ತುದಿಯಲ್ಲಿ ಪ್ಲಾಸ್ಟಿಕ್ ಬುಡ್ಡೆಯೊಂದು ನೇತಾಡುತ್ತಿತ್ತು. ಗಾಯದ ನೀರೆಲ್ಲ ಬಂದು ಸೇರುವುದು ಅದರೊಳಗೆ. ದಿನಕ್ಕೆ ಮೂವತ್ತು ಎಂಎಲ್‌ಗಿಂತ ಕಡಿಮೆ ಬಂದರೆ ಪೈಪು ಕೀಳುತ್ತಾರೆ. ಪೈಪು ಕಿತ್ತ ಮೇಲೆ ಸ್ನಾನ. ಅಲ್ಲಿಯವರೆಗೆ ಒದ್ದೆ ಬಟ್ಟೆಯೇ ಗತಿ. "ಕಿಟಕಿ ಗಾಜಿನ ಹಾಗೆ ಒರೆಸ್ಕೊಂಡೇ ಬದುಕ್ತಿದ್ದೀನಿ" ಎಂದು ಆಕೆ ನಿಟ್ಟುಸಿರು ಬಿಡುತ್ತಿದ್ದಳು. ತಲೆಯ ಮೇಲಿಂದ ಎರಡು ಬಕೆಟ್ ಬಿಸಿನೀರು ದಬದಬ ಸುರಿದುಕೊಳ್ಳಬೇಕು. ಸದ್ಯಕ್ಕೆ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಆಸೆ ಉಳಿದಿರಲಿಲ್ಲ.

ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಬುಡ್ಡೆಯ ನೀರನ್ನು ಅಳೆದು ಆಸ್ಪತ್ರೆಯ ಹಾಳೆಯಲ್ಲಿ ಬರೆಯುವ ಕೆಲಸ ಅತ್ತೆಯದು. ಎಲೆಕ್ಟ್ರಿಷಿಯನ್ ಗಂಡ ಆ ಹೊತ್ತಿಗೆ ಯಾರದೋ ಮನೆಯ ಏಣಿಯ ಮೇಲಿರುತ್ತಿದ್ದ. ಅತ್ತೆ ಬಚ್ಚಲಿಗೆ ಹೋಗಿ, ಕನ್ನಡಕ ಏರಿಸಿ, ಅಳೆದು ಅಲ್ಲಿಂದಲೇ ಕೂಗುತ್ತಿದ್ದರು.

"ಮೂವತ್ತಾರು!"

ಸೊಸೆಯ ಮುಖ ಬಾಡುತ್ತಿತ್ತು. ಮರುದಿನ "ಮೂವತ್ತೆಂಟು!" ಮುಖ ಇನ್ನಷ್ಟು ಬಾಡುತ್ತಿತ್ತು. ನಿನ್ನೆ ನಲವತ್ತೆರಡು. "ನಂಬರ್ ಸರಿ ಬರ್ತಿಲ್ಲ ಕಣೇ, ನೀನು ಸುಮ್ನೆ ಕೂರಲ್ಲ" ಎಂದು ಗಂಡ ರೇಗಿ, ಆಕೆ ಕಡ್ಡಿ ಎತ್ತಿ ಆಕಡೆ ಇಡದಂತೆ ಕಾವಲು ಹಾಕಿದ್ದ.

ಇವತ್ತು ಹನ್ನೆರಡಕ್ಕೆ ಆಸ್ಪತ್ರೆಯಲ್ಲೇ ತಪಾಸಣೆ. "ಬುಡ್ಡೆ ಖಾಲಿ ಮಾಡ್ದೆ ಹಾಗೇ ಬನ್ನಿ, ನಾವೇ ಅಳೀತೀವಿ" ಎಂದು ನರ್ಸಮ್ಮ ಹೇಳಿದ್ದರು. ಅದಕ್ಕೇ ಟೈಲರಮ್ಮ ಬೆಳಿಗ್ಗೆಯಿಂದ ಉಸಿರನ್ನೂ ಅಳೆದು ಬಿಡುತ್ತ ಕುರ್ಚಿಯಲ್ಲಿ ಕೂತಿದ್ದಳು. ಆಗಲೇ ಈ ತುರಿಕೆ.

ಐದು ನಿಮಿಷ ತಡೆದಳು. ತುರಿಕೆ ಸಾಸಿವೆಯಿಂದ ಕಡಲೆಯಾಯಿತು. ಅತ್ತೆಯನ್ನು ಕರೆಯೋಣವೆಂದರೆ ಅವರು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಹೊಲಿಗೆ ಮಿಷನ್ನಿನ ಮೇಲೆ ಎರಡಡಿಯ ಮರದ ಅಡಿಕೋಲು ಕೈಗೆಟುಕುವಷ್ಟು ಹತ್ತಿರವೇ ಇತ್ತು. ಮೆಲ್ಲಗೆ ತೆಗೆದು, ನೈಟಿಯ ಕತ್ತಿನೊಳಗಿಂದ ಇಳಿಬಿಟ್ಟು ಉಜ್ಜಿಕೊಂಡಳು. ಅಬ್ಬಾ! ಸ್ವರ್ಗ ಎಂದರೆ ಎರಡಡಿ ಉದ್ದದ್ದು ಎಂದು ಆಕೆಗೆ ಅವತ್ತು ತಿಳಿಯಿತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಬೆಚ್ಚಿದಳು, ಕೈ ಜಾರಿತು. ಅಡಿಕೋಲು ಸರ್‍ರನೆ ಇಳಿದು, ಹೊಟ್ಟೆಯ ಹೊಲಿಗೆಗೆ ಆಧಾರವಾಗಿ ಸೊಂಟದ ಸುತ್ತ ಬಿಗಿದಿದ್ದ ಅಗಲ ಪಟ್ಟಿಯೊಳಗೆ ನುಗ್ಗಿ ಕಚ್ಚಿಕೊಂಡಿತು. ಮೇಲಿನ ತುದಿ ಕತ್ತಿನ ಹಿಂದೆ ನಿಂತಿತು. ಈಗ ಹೊಟ್ಟೆಯ ಹೊಲಿಗೆ ಬಾಗು ಅನ್ನುತ್ತಿತ್ತು, ಬೆನ್ನಿನ ಮರ ನೆಟ್ಟಗೆ ನಿಲ್ಲು ಅನ್ನುತ್ತಿತ್ತು. ಇಬ್ಬರು ಯಜಮಾನರ ಕೈಕೆಳಗಿನ ಗುಮಾಸ್ತೆಯ ಹಾಗೆ ಟೈಲರಮ್ಮ ನಡುವೆ ನಿಂತಳು.

"ಅತ್ತೇ..."

ಅತ್ತೆ ಸೋಪಿನ ಕೈಯಲ್ಲೇ ಓಡಿಬಂದರು. "ಇದೇನೇ ಇದು, ಕವಾಯತಿಗೆ ನಿಂತ ಪೊಲೀಸಿನ ಹಾಗೆ ನಿಂತಿದ್ದೀಯ?"

"ಬೆನ್ನಲ್ಲಿ ಅಡಿಕೋಲು ಸಿಕ್ಕಿಕೊಂಡಿದೆ."

"ಬೆನ್ನಲ್ಲಿ ಅದಕ್ಕೇನೇ ಕೆಲಸ?"

ಸೋಪಿನ ಕೈಯಲ್ಲಿ ಎಳೆದರು, ಜಾರಿತು. ಇನ್ನೊಮ್ಮೆ ಎಳೆದರು, ಇನ್ನೂ ಒಂದಂಗುಲ ಒಳಗೆ ಹೋಯಿತು. ಗಾಬರಿಯಾಗಿ ಮೆಟ್ಟಿಲ ಬುಡದಲ್ಲಿ ನಿಂತು ಮಹಡಿ ಮನೆಯಾಕೆಯನ್ನು ಕೂಗಿದರು. ಮಹಡಿಯಮ್ಮನಿಗೆ ಯಾರ ಮನೆಯಲ್ಲಿ ಏನಾದರೂ ಕೈಯಲ್ಲಿ ಎಣ್ಣೆ ಬಾಟಲಿ ಇರಲೇಬೇಕು.

"ಎಣ್ಣೆ ಬಿಟ್ರೆ ತಾನಾಗೇ ಜಾರುತ್ತೆ ಬಿಡ್ರೀ" ಎಂದು ಆಕೆ ಕತ್ತಿನಿಂದ ಅರ್ಧ ಬಾಟಲಿ ಸುರಿದರು. ಅಡಿಕೋಲು ಜಾರಲಿಲ್ಲ. ಎಣ್ಣೆ ಮಾತ್ರ ನೆಮ್ಮದಿಯಾಗಿ ಹಿಮ್ಮಡಿಯವರೆಗೆ ಇಳಿಯಿತು.

"ಸ್ನಾನ ಇಲ್ಲದ ಮೈಗೆ ಎಣ್ಣೆ ಬೇರೆ!" ಟೈಲರಮ್ಮನಿಗೆ ಅಳುವೇ ಬಂತು.

ಫೋನು ಮಾಡಿದ್ದವಳು ಅಂಗಡಿಯಲ್ಲಿ ಗುಂಡಿ ಹಚ್ಚುವ ಹುಡುಗಿ, ಎಲ್ಲರೂ ಕರೆಯುವುದೇ ಗುಂಡಿ ಎಂದು. ಅಕ್ಕ ಎತ್ತಲಿಲ್ಲವಲ್ಲ ಎಂದು ಹೆದರಿ, ಕೈಯಲ್ಲಿದ್ದ ಕತ್ತರಿಯ ಸಮೇತ ಓಡೋಡಿ ಬಂದಳು.

"ಅಕ್ಕಾ, ಅಲ್ಲಾಡ್ಬೇಡಿ. ಪಟ್ಟಿ ಕತ್ತರಿಸ್ಬಿಡ್ತೀನಿ."

"ಪಟ್ಟಿ ಮುಟ್ಟಿದ್ರೆ ನೋಡು!" ಅತ್ತೆ ಅಡ್ಡ ನಿಂತರು. "ಅದನ್ನ ಬಿಚ್ಚಿದ್ರೆ ಇವಳ ಹೊಟ್ಟೆ ಬಿಚ್ಕೊಂಡ್ರೆ?"

"ಹಾಗಿದ್ರೆ ಕೆಳಗಡೆಯಿಂದ ಎಳೀತೀನಿ." ಗುಂಡಿ ನೈಟಿಯೊಳಗೆ ಕೈ ಹಾಕಿ ತಡಕಾಡಿದಳು. "ಸಿಕ್ತು ಅಕ್ಕಾ! ಎಳೀಲಾ?"

"ಅಯ್ಯೋ, ಅದು ಪೈಪು ಕಣೇ!"

ಆ ಕಿರುಚಾಟಕ್ಕೆ ಅತ್ತೆ ನೆಲಕ್ಕೆ ಕುಸಿದರು. ಗುಂಡಿ ಗೊಳೋ ಎಂದು ಅತ್ತಳು. ಮಹಡಿಯಮ್ಮ ತಮ್ಮ ಎಣ್ಣೆಯ ಮೇಲೆ ತಾವೇ ಜಾರಿ ಮಿಷನ್ನನ್ನು ತಬ್ಬಿಕೊಂಡರು. ಬೆನ್ನಲ್ಲಿ ಮರ, ಪಕ್ಕದಲ್ಲಿ ಬುಡ್ಡೆ ಹೊತ್ತ ರೋಗಿಯೇ ಮೂವರಿಗೂ ಒಂದೊಂದು ಲೋಟ ನೀರು ಕೊಟ್ಟು ಸಮಾಧಾನ ಮಾಡಬೇಕಾಯಿತು. ಒಂದೊಂದು ಹೆಜ್ಜೆಗೂ ಬುಡ್ಡೆಯಲ್ಲಿ ನೀರು ಏರುತ್ತಿದೆಯೆಂದೇ ಆಕೆಗೆ ಅನಿಸುತ್ತಿತ್ತು. ಆದರೂ ಆ ಮೂರು ಒದ್ದೆ ಮುಖಗಳನ್ನು ನೋಡಿದರೆ ಸಿಟ್ಟು ಬರಲಿಲ್ಲ. ಹೋದ ವರ್ಷ ಇದೇ ಮೂವರು ಸರದಿ ಹಾಕಿಕೊಂಡು ಆಸ್ಪತ್ರೆಯಲ್ಲಿ, ಕ್ಯಾನ್ಸರ್ ಔಷಧಿಗೆ ವಾಂತಿಯಾದಾಗಲೆಲ್ಲ ತನ್ನ ತಲೆ ಹಿಡಿದವರು.

ತಪಾಸಣೆಗೆ ಹೊರಡುವ ಹೊತ್ತಿಗೆ ಗಂಡ ಬಾಡಿಗೆ ಕಾರು ತಂದ. ಅಡಿಕೋಲು ಕೂರಲು ಬಿಡದ್ದರಿಂದ ಟೈಲರಮ್ಮನನ್ನು ಹಿಂದಿನ ಸೀಟಿನಲ್ಲಿ ಕಪಾಟು ಸಾಗಿಸುವ ಹಾಗೆ ಓರೆಯಾಗಿ ಒರಗಿಸಿದರು.

"ಎಣ್ಣೆ ಸೀಟಿಗೆ ಆಗುತ್ತೆ" ಎಂದ ಡ್ರೈವರು.

"ನನಗಾಗಿದೆಯಲ್ಲಪ್ಪ" ಎಂದಳು ಟೈಲರಮ್ಮ.

ಆಸ್ಪತ್ರೆಯಲ್ಲಿ ನರ್ಸಮ್ಮ ಪಟ್ಟಿಯ ಅಂಟುತುದಿಯನ್ನು ಚರ್‍ರನೆ ಎಳೆದರು. ಅಡಿಕೋಲು ಟಕ್ಕೆಂದು ಕೆಳಗೆ ಬಿತ್ತು. "ಇದನ್ನ ದಿನಾ ಬಿಚ್ಚಿ ಕಟ್ಟೋದೇ ಅಲ್ವಾ? ಯಾರಿಗೂ ಹೊಳೀಲಿಲ್ವಾ?" ಅತ್ತೆ ಬಗ್ಗಿ ಅಡಿಕೋಲು ಎತ್ತಿಕೊಂಡು ಸೆರಗಿನಿಂದ ಎಣ್ಣೆ ಒರೆಸತೊಡಗಿದರು.

ನರ್ಸಮ್ಮ ಬುಡ್ಡೆಯನ್ನು ಅಳತೆಲೋಟಕ್ಕೆ ಬಗ್ಗಿಸಿದರು. ಟೈಲರಮ್ಮ ಕಣ್ಣು ಮುಚ್ಚಿದಳು.

"ಹದಿನೆಂಟು."

"ಎಷ್ಟು?"

"ಹದಿನೆಂಟೇ ಕಣಮ್ಮ."

ಬಿಸಿನೀರಿನ ಹಬೆ ಆಕೆಯ ಕಣ್ಣ ಮುಂದೆಯೇ ಎದ್ದಿತು. ಗಂಡ ಕೈ ಹಿಡಿದು ಕುಲುಕಿದ. ಆಗಲೇ ಡಾಕ್ಟರಮ್ಮ ಒಳಗೆ ಬಂದು ಹಾಳೆ ಎತ್ತಿಕೊಂಡರು. ಹುಬ್ಬು ಮೇಲೇರಿತು.

"ಇವತ್ತಿನ ತಾರೀಖಿಗೆ ಆಗಲೇ ನಲವತ್ನಾಲ್ಕು ಅಂತ ಬರೆದಿದೆಯಲ್ಲ? ಈಗ ತಾನೇ ಅಳೆದದ್ದು!"

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅತ್ತೆ ಸೆರಗಿನ ತುದಿ ಹಿಡಿದುಕೊಂಡರು.

"ಹೊರಡೋ ಮುಂಚೆ ನಾನೇ ಬರೆದಿಟ್ಟದ್ದು. ಹದಿನೆಂಟು, ಇಪ್ಪತ್ತು ಅಂತ ಹೇಗೆ ಬರೀಲಿ ಡಾಕ್ಟರೇ? ಪಾಸಾಗೋಕೆ ಮೂವತ್ತೈದು ಬೇಡ್ವಾ? ವಯಸ್ಸಾದ ಮೇಲೆ ರಾತ್ರಿ ಶಾಲೆಗೆ ಹೋಗಿದ್ದೆ ನಾನು. ಗಣಿತದಲ್ಲಿ ಮೂವತ್ಮೂರು ಬಂತು. ಎರಡೇ ಎರಡು ಮಾರ್ಕ್ಸಿಗೆ ಫೇಲ್ ಮಾಡಿದ್ರು. ಒಂದು ವಾರ ಅನ್ನ ಸೇರ್ಲಿಲ್ಲ. ಈ ಹುಡುಗಿ ಇಷ್ಟೆಲ್ಲ ಕುಯ್ಸಿಕೊಂಡು, ಹೊಲಿಸಿಕೊಂಡು, ಬಾಯಿಬಿಡದೆ ಕೂತಿದ್ದಾಳೆ. ಇವಳನ್ನ ಫೇಲ್ ಮಾಡೋಕೆ ನನಗೆ ಕೈ ಬರುತ್ತಾ?"

"ಮತ್ತೆ ದಿನಾ ದಿನಾ ಏರಿದೆಯಲ್ಲ?" ಎಂದರು ಡಾಕ್ಟರಮ್ಮ.

"ಮೂವತ್ತಾರು ಅಂದ್ರೆ ಮುಖ ಸಪ್ಪಗೆ ಮಾಡ್ಕೊಂಡ್ಲು. ಪಾಸಾದ್ರೆ ಸಾಲ್ದು, ಫಸ್ಟ್ ಕ್ಲಾಸೇ ಬೇಕೇನೋ ಅಂತ ಎರಡೆರಡು ಸೇರಿಸ್ತಾ ಹೋದೆ."

"ನಿಜವಾಗಿ ಎಷ್ಟು ಬರ್ತಿತ್ತು ಅಮ್ಮಾ?" ಎಂದ ಗಂಡ.

"ಹದಿನೇಳೋ, ಇಪ್ಪತ್ತೋ. ನಾಚಿಕೆಗೇಡು ಅಂತ ನೆನಪಲ್ಲಿ ಇಟ್ಕೊಳ್ಲಿಲ್ಲ."

ಡಾಕ್ಟರಮ್ಮ ನಗಬೇಕೋ ಬೈಯಬೇಕೋ ತಿಳಿಯದೆ ಕಿಟಕಿಯ ಕಡೆ ಮುಖ ಮಾಡಿ ನಿಂತರು. ತಿರುಗಿದಾಗ ನಗು ಅರ್ಧ ಉಳಿದಿತ್ತು. "ನಾನು ಕಣ್ಣಾರೆ ಕಂಡದ್ದು ಇವತ್ತಿನದೊಂದೇ. ಇಷ್ಟು ಸುಳ್ಳು ಅಂಕಿ ಇಟ್ಕೊಂಡು ಪೈಪು ಕೀಳೋಕೆ ಆಗಲ್ಲ. ನಾಳೆ ಹನ್ನೆರಡಕ್ಕೆ ನಿಜ ಬರೆದು ಹಾಳೆ ಫೋಟೋ ಕಳ್ಸಿ. ಕಡಿಮೆ ಇದ್ರೆ ಸಾಯಂಕಾಲ ಕೀಳ್ತೀನಿ. ಸರಿ, ಹಾಳೆ ಯಾರ ಕೈಗೆ ಕೊಡ್ಲಿ?"

ಗಂಡ ಕೈ ಚಾಚಿದ. ಅತ್ತೆ ತಲೆ ತಗ್ಗಿಸಿದ್ದರು, ಬೆರಳುಗಳಲ್ಲಿ ಇನ್ನೂ ಬೆಳಗಿನ ಸೋಪು ಒಣಗಿ ಬಿಳಿಚಿತ್ತು. ಟೈಲರಮ್ಮ ಹಾಳೆಯನ್ನು ಇಸಿದುಕೊಂಡು ಅವರ ಕೈಗೇ ಇಟ್ಟಳು.

"ನೀವೇ ಬರೀರಿ ಅತ್ತೆ. ಆದ್ರೆ ನಾಳೆ ದಯವಿಟ್ಟು ನನ್ನ ಫೇಲ್ ಮಾಡಿ."

"ಆಗ್ಲಮ್ಮ" ಎಂದರು ಅತ್ತೆ, ವಿಷ ಕುಡಿಯಲು ಒಪ್ಪಿದವರ ಹಾಗೆ.

ಮರುದಿನ ಹನ್ನೆರಡಕ್ಕೆ ಬಚ್ಚಲಿನಿಂದ ಸತ್ತ ದನಿಯಲ್ಲಿ "ಹದಿನೇಳು" ಕೇಳಿಸಿತು. ಊಟಕ್ಕೆ ಬಂದಿದ್ದ ಗಂಡ ಹಾಳೆಯ ಫೋಟೋ ತೆಗೆದು, ಓದದೆಯೇ ಕಳಿಸಿ, ಏಣಿ ಹೊತ್ತು ಹೊರಟ. ಸಂಜೆ ಪೈಪು ಕಿತ್ತು ಬಂದ ಕೂಡಲೇ ಇರಲಿ ಎಂದು ಅತ್ತೆ ಮೂರು ಗಂಟೆಗೇ ಎರಡು ಬಕೆಟ್ ನೀರು ಕಾಯಿಸಿಟ್ಟರು. ನಾಲ್ಕಕ್ಕೆ ನರ್ಸಮ್ಮನ ಫೋನು.

"ಒಟ್ಟು ಮೂವತ್ತೈದು ಬಂದಿದೆಯಲ್ಲಮ್ಮಾ. ಇವತ್ತು ಬರೋದು ಬೇಡ."

ಟೈಲರಮ್ಮ ಹಾಳೆ ತರಿಸಿ ನೋಡಿದಳು. ಹದಿನೇಳು ಎಂದು ಗುಂಡಗೆ, ಪ್ರಾಮಾಣಿಕವಾಗಿ ಬರೆದಿತ್ತು. ಅದರ ಕೆಳಗೆ 'ಕೃಪಾಂಕ ೧೮'. ಅದರ ಕೆಳಗೆ ಗೆರೆ. ಗೆರೆಯ ಕೆಳಗೆ 'ಒಟ್ಟು ೩೫, ಪಾಸು'.

"ಅತ್ತೇ!"

"ಯಾಕೆ? ಡಾಕ್ಟರಿಗೆ ಬೇಕಾದ್ದು ಮೇಲೆ ಇದೆ. ಕೆಳಗಿರೋದು ನಮ್ಮನೇದು."

ಟೈಲರಮ್ಮ ಫೋನಿನಲ್ಲಿ ಎಷ್ಟು ಬಿಡಿಸಿ ಹೇಳಿದರೂ ನರ್ಸಮ್ಮ ಕೇಳಲಿಲ್ಲ. "ನಿಮ್ಮನೆ ಅಂಕಿ ಇನ್ಮೇಲೆ ಒಂದೂ ನಂಬಲ್ಲ. ಎರಡು ದಿನ ಬಿಟ್ಟು ಬುಡ್ಡೆ ಸಮೇತ ಬನ್ನಿ. ಅಲ್ಲೀವರೆಗೆ ಸ್ನಾನ ಇಲ್ಲ."

ಫೋನು ಇಟ್ಟು, ಹೊಟ್ಟೆಯ ಹೊಲಿಗೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು, ಟೈಲರಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅತ್ತೆ ಕಾಯಿಸಿದ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಹತ್ತಿರ ಬಂದು ಕೂತರು.

"ತಿರುಗು, ಬೆನ್ನು ಒರೆಸ್ತೀನಿ. ಪಾಸಾದೋರು ಯಾರಾದ್ರೂ ಹೀಗೆ ಅಳ್ತಾರೇನೇ?"