ಕುರ್ಚಿಯಲ್ಲಿ ಕೂತ ವಿಜ್ಞಾನಿ

ಪೆಟ್ಟಿಗೆ ಹೊತ್ತದ್ದೇ ದರ್ಜಿಯ ತಪ್ಪಾಯಿತು. ಅವನ ಹೆಂಡತಿ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ವಿಜ್ಞಾನಿ. ‘ಮಕ್ಕಳ ಜೊತೆ ಮಾತಾಡಲು ಒಬ್ಬ ವಿಜ್ಞಾನಿಯನ್ನು ಕಳಿಸಿ’ ಎಂದು ಶಾಲೆಯವರು ಫೋನು ಮಾಡಿದ್ದರು. ಕಚೇರಿಯವರು ಅವಳನ್ನು ಕಳಿಸಿದರು. ಅವಳ ಕೈ ಉಳುಕಿತ್ತು. ಹಾಗಾಗಿ ಇವನು ಅಂಗಡಿಗೆ ಬೀಗ ಹಾಕಿ, ತಾನೇ ಹೊಲಿದ ಕೋಟು ತೊಟ್ಟು, ಸೂಕ್ಷ್ಮದರ್ಶಕದ ಪೆಟ್ಟಿಗೆಯನ್ನು ಹಸುಗೂಸಿನಂತೆ ಎದೆಗವಚಿಕೊಂಡು ಹೊರಟಿದ್ದ.

ಗೇಟಿನಲ್ಲೇ ಹೆಡ್ ಮಾಸ್ಟರು ಓಡಿಬಂದರು. “ಬನ್ನಿ ಸಾರ್, ಮಕ್ಕಳು ನಿಮಗೇ ಕಾಯ್ತಾ ಇದ್ದಾರೆ! ಮೇಡಂ, ನೀವು ಹಿಂದಿನ ಬೆಂಚಲ್ಲಿ ಆರಾಮಾಗಿ ಕೂತ್ಕೊಳ್ಳಿ.”

“ಅಯ್ಯೋ, ನಾನಲ್ಲ...”

ಹೆಂಡತಿ ಅವನ ಕಿವಿಯಲ್ಲಿ ಪಿಸುಗುಟ್ಟಿದಳು: “ಆಫೀಸಿಗೆ ಬಂದೋರೂ ನನ್ನನ್ನೇ ‘ಸಾಹೇಬ್ರು ಎಲ್ಲಿ’ ಅಂತ ಕೇಳ್ತಾರೆ ಕಣ್ರೀ. ನಾನೇ ನಾನೇ ಅಂತ ಹೇಳಿ ಸಾಕಾಗಿದೆ. ಇವತ್ತು ನೀವೇ ಹೇಳಿ, ನೋಡೋಣ.” ನಗುತ್ತಲೇ ಅಂದಳಾದರೂ ಆ ಮಾತು ಅವನಿಗೆ ಸೂಜಿಯಂತೆ ಚುಚ್ಚಿತು.

ಹೇಳಲು ಬಿಡಬೇಕಲ್ಲ! ಹೆಡ್ ಮಾಸ್ಟರು ಅವನನ್ನು ಎಳೆದೊಯ್ದು ಕುರ್ಚಿಯಲ್ಲಿ ಕೂರಿಸಿಯೇಬಿಟ್ಟರು. “ಯಾರ್ಯಾರು ಇವರ ಥರ ವಿಜ್ಞಾನಿ ಆಗ್ತೀರಿ? ಕೈ ಎತ್ತಿ!”

ಹುಡುಗರ ಕೈಗಳೆಲ್ಲ ಮೇಲೆದ್ದವು. ಹುಡುಗಿಯರು ಬೇರೆ ಯಾರನ್ನೋ ಕೇಳಿದಂತೆ ಜಡೆ ತಿರುವುತ್ತ ಕೂತರು.

“ಸಾರ್, ನೀರಿನ ಹನಿ ಯಾಕೆ ದುಂಡಗಿರುತ್ತೆ?” ಎಂದ ಒಬ್ಬ.

ದರ್ಜಿ ಹೆಂಡತಿಯತ್ತ ನೋಡಿದ. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

“ಅದು... ಕತ್ತರಿಸಿರೋದೇ ಹಾಗೆ.”

ಹೆಡ್ ಮಾಸ್ಟರು ಭಲೇ ಎಂಬಂತೆ ತಲೆದೂಗಿದರು. ಅವನಿಗೆ ಇನ್ನು ತಡೆಯಲಾಗಲಿಲ್ಲ. ಎದ್ದು ನಿಂತು ಕೂಗಿದ: “ನಾನು ಬಟ್ಟೆ ಹೊಲಿಯೋನು ಕಣ್ರಪ್ಪಾ! ವಿಜ್ಞಾನಿ ಅಂದ್ರೆ ಹಿಂದೆ ಕೂತಿದ್ದಾಳಲ್ಲ, ಅವಳು! ನನ್ನ ಹೆಂಡ್ತಿ!”

ಹೆಡ್ ಮಾಸ್ಟರ ಮುಖ ಹುಳ್ಳಗಾಯಿತು. ಅವಳು ಮುಂದೆ ಬಂದಳು. ಇವನು ಅವಳ ಬೆಂಚಿಗೆ ಹೋಗಿ ಕೂತ. ಶಾಲೆಯ ತೊಟ್ಟಿಯಿಂದ ತರಿಸಿದ ನೀರಿನ ಒಂದೇ ಹನಿಯನ್ನು ಅವಳು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಡಿ ಸೇರಿಸಿದಳು. ನೋಡಲು ಮಕ್ಕಳು ಸಾಲುಗಟ್ಟಿದರು.

“ಅಬ್ಬಾ, ಒಳಗೆ ಏನೋ ಈಜ್ತಾ ಇದೆ!” ಎಂದು ಕಿರುಚಿದ ಪುಟ್ಟ ಹುಡುಗಿಯೊಬ್ಬಳು ಮತ್ತೆ ಮತ್ತೆ ಸಾಲಿಗೆ ನುಗ್ಗಿದಳು. ಕೊನೆಗೆ ಹೆಡ್ ಮಾಸ್ಟರು ‘ಯಾರ್ಯಾರು ವಿಜ್ಞಾನಿ ಆಗ್ತೀರಿ’ ಎಂದು ಮತ್ತೆ ಕೇಳಿದಾಗ ಹುಡುಗಿಯರ ಕಡೆಯಿಂದ ಒಂದು ಕೈ ಅಂಜುತ್ತ ಎದ್ದಿತು. ಅದನ್ನು ನೋಡಿ ಇನ್ನೊಂದು. ಆಮೇಲೆ ಯಾವ ಕೈ ಯಾರದೆಂದೇ ತಿಳಿಯಲಿಲ್ಲ.

ಹೆಂಡತಿಯ ಮುಖ ಅರಳಿದ್ದನ್ನು ಕಂಡು ದರ್ಜಿಯ ಕಣ್ಣು ತುಂಬಿತು. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದಾಗ ಆ ಪುಟ್ಟ ಹುಡುಗಿ ಬಂದು ಅವನ ಮೊಣಕಾಲು ತಟ್ಟಿದಳು.

“ಅಳಬೇಡಿ ಅಂಕಲ್. ನಾನು ಮೇಡಂನ ಕೇಳಿದೆ. ಗಂಡಸ್ರೂ ವಿಜ್ಞಾನಿ ಆಗ್ಬಹುದಂತೆ!”