ನಮ್ಮ ಮನೆಯ ಶೂಟಿಂಗ್

ಟಿವಿಗೆ ಜೋಡಿಸುವ ಹಳೆಯ ಗೇಮ್ ಡಬ್ಬಿಯಲ್ಲಿ ಹೊಸ ಗೇಮ್ ಓಡಿಸುವುದು ನನ್ನಂಥ ವಿಜ್ಞಾನದ ಮಾಸ್ತರನಿಗೆ ಎಷ್ಟರ ಮಾತು! ಡಬ್ಬಿಯ ಹೊಟ್ಟೆ ಬಿಚ್ಚಿದೆ. ದೊಡ್ಡ ಡಿಸ್ಕ್ ಕೂಡಿಸಿದೆ. ಕೆಟ್ಟುಹೋದ ಕಂಪ್ಯೂಟರಿನ ಫ್ಯಾನನ್ನು ತಂದು ಜೋಡಿಸಿದೆ. ಮುಚ್ಚಿದ ಮೇಲೆ ಒಂದಿಷ್ಟು ಸ್ಕ್ರೂ ಮಿಕ್ಕವು. ಕಂಪನಿಯವರು ಸುಮ್ಮನೆ ಹೆಚ್ಚಿಗೆ ಹಾಕಿರುತ್ತಾರೆಂದು ಜೇಬಿಗಿಳಿಸಿದೆ.

ಹೆಂಡತಿ ಗಿರಿಜಾ ಮಾತ್ರ ಷರತ್ತು ಹಾಕಿದಳು. "ಆ ಬಂದೂಕಿನ ಗೇಮ್ ಐತವಾರ ನಡದ್ರ ಪಾಡಾತು. ಇಲ್ಲಂದ್ರ ಡಬ್ಬಿ ಅಟ್ಟಕ್ಕ ಹೋಗ್ತೈತಿ ನೋಡ್ರಿ."

"ನಡಿಯೂದೇನ, ಓಡತೈತಿ!" ಎಂದೆ.

ಭಾನುವಾರ ಸಂಜೆ ಸ್ವಿಚ್ ಹಾಕುವಷ್ಟರಲ್ಲಿ ಬಾಗಿಲಲ್ಲಿ ಬಾಜು ಮನೆಯ ನೀಲವ್ವಕ್ಕ! ಇಳಕಲ್ ಸೀರೆ, ಮುಡಿ ತುಂಬ ಅಬ್ಬಲಿಗೆ. ಹಿಂದೆ ಓಣಿಯ ಹೆಂಗಸರ ಒಂದು ಹಿಂಡು.

"ಏನ್ರಿ ಅಕ್ಕಾರ, ಲಗ್ನಕ್ಕ ಹೊಂಟೀರೇನು?"

"ಇಲ್ಲೇ ಬಂದೇವ್ರಿ ಸರ. ನಿಮ್ಮನ್ಯಾಗ ಶೂಟಿಂಗ್ ಐತಂತ. ಹೀರೋ ಬಂದಾನೇನ್ರಿ?"

ನಾನು ಗಿರಿಜಾಳನ್ನು ನೋಡಿದೆ. ಅವಳು ಗೋಡೆ ನೋಡಿದಳು. "ಸಂಜಿಕ ಇವರ ಶೂಟಿಂಗ್ ಐತಿ, ನಿಮ್ಮ ಜೋಡಿ ಕಲಘಟಗಿಗೆ ಬರಾಕ ಆಗಂಗಿಲ್ಲ ಅಂತ ಅಕ್ಕಾರಿಗೆ ಅಂದಿದ್ದೆ. ಅಷ್ಟರಿ!"

ನಮ್ಮೂರು ಮಿಶ್ರಿಕೋಟಿಗೆ ಅಷ್ಟು ಸಾಕಾಗಿತ್ತು. ಸಿಂಗಾರವಾಗಿ ಬಂದವರನ್ನು ಹಿಂದಕ್ಕೆ ಕಳಿಸಲಾದೀತೇ? ಚಾಪೆ ಹಾಸಿದೆವು, ಚಹಾ ಕೊಟ್ಟೆವು, ಗೇಮ್ ಶುರುವಾಯಿತು. ಪರದೆಯ ಮೇಲೆ ಒಂದು ಬಂದೂಕು, ಅದನ್ನು ಹಿಡಿದ ಎರಡು ಕೈ.

"ಹೀರೋನ ಮಾರಿ ಯಾಕ ತೋರ್ಸವಲ್ರು?"

"ಅಂವಾ ನಾನರಿ."

ಎಲ್ಲರೂ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ನೀಲವ್ವಕ್ಕ ಬಾಯಿಗೆ ಸೆರಗು ಹಚ್ಚಿ, "ಹೀರೋಯಿನ್ನಾದ್ರೂ ಬರ್ತಾಳೇನ್ರಿ?" ಎಂದು ಕೇಳಿದಳು.

ಬಂದವನು ವೈರಿ. ಅವನು ಒಂದು ಕಾಲು ಎತ್ತಿದ. ಎತ್ತಿದ ಕಾಲು ಅಲ್ಲೇ ನಿಂತಿತು! ಡಬ್ಬಿ ಹಿಟ್ಟಿನ ಗಿರಣಿಯಂತೆ ಗರ್ರೆನ್ನತೊಡಗಿತು. ನಾವು ಚಹಾ ಕುಡಿದು ಕಪ್ಪು ಕೆಳಗಿಟ್ಟರೂ ಅವನು ಕಾಲು ಕೆಳಗಿಡಲಿಲ್ಲ.

"ಫೋಟೋ ಏನ್ರಿ ಇದು?"

"ಇಲ್ರಿ, ಭಾಳ ಹೆವಿ ಗೇಮ್ ಐತಿ."

"ಪಾಪ, ಕಾಲ್ ಜೋಮ್ ಹಿಡಿದಿರಬೇಕು," ಎಂದು ನೀಲವ್ವಕ್ಕ ಮರುಗಿದಳು.

ಮಾನ ಉಳಿಸಿಕೊಳ್ಳಲು ನಾನು ಗುಂಡು ಹಾರಿಸಿದೆ. ಗುಂಡು ಹೊರಗೆ ಬರುವ ಮೊದಲೇ ಪರದೆ ಕಪ್ಪಾಯಿತು.

"ಮುಗೀತೇನ್ರಿ? ಛಲೋ ಇತ್ರಿ ಸರ... ಚಹಾ," ಎಂದು ಹೇಳಿ ಎಲ್ಲರೂ ನಗುನಗುತ್ತಲೇ ಹೋದರು.

ಗಿರಿಜಾ ಏಣಿ ತಂದಳು. ಅವಳು ಡಬ್ಬಿ ಎತ್ತಲು ಕೈ ಹಾಕಿದವಳು ಹಾಗೇ ನಿಂತಳು. "ಅಯ್ಯ, ಎಷ್ಟ ಬೆಚ್ಚಗೈತ್ರಿ ಇದು!" ಚಳಿಗಾಲ ಶುರುವಾದಾಗಿನಿಂದ ನಮ್ಮ ಮನೆಯಲ್ಲಿ ಹಾಲು ಸರಿಯಾಗಿ ಹೆಪ್ಪುಗಟ್ಟಿರಲಿಲ್ಲ. ಅವಳು ಏಣಿಯನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ಹೋದಳು.

ಹೀಗೆ ಡಬ್ಬಿ ಅಟ್ಟ ಹತ್ತಲಿಲ್ಲ, ಡಬ್ಬಿಯ ಮೇಲೆ ಮೊಸರಿನ ಪಾತ್ರೆ ಹತ್ತಿತು. ಡಬ್ಬಿಯನ್ನು ಅಟ್ಟಕ್ಕೆ ಹಾಕುತ್ತೇನೆಂದವಳೇ ಈಗ ದಿನಾ ಸಂಜೆ ಕೂಗುತ್ತಾಳೆ: "ಏನ್ರಿ, ಹೆಪ್ಪ ಹಾಕೇನಿ. ಲಗೂನ ಯುದ್ಧ ಸುರು ಮಾಡ್ರಿ!"

ನಾನು ಖುಷಿಯಿಂದಲೇ ಬಂದೂಕು ಹಿಡಿಯುತ್ತೇನೆ. ಇಷ್ಟು ದಿನದ ಯುದ್ಧದಲ್ಲಿ ಒಬ್ಬ ವೈರಿಯನ್ನೂ ಕೆಡವಲು ನನ್ನಿಂದ ಆಗಿಲ್ಲ. ಮೊಸರು ಮಾತ್ರ ಅಗದಿ ಗಟ್ಟಿ!