ಮೀಸೆಯವನ ನೇರಳೆ ಕಾಮಕಸ್ತೂರಿ

ಎಲ್ಲದಕ್ಕೂ ಮೂಲ ಒಂದು ಲೋಟ ಚೀಸಿನ ಉಪ್ಪುನೀರು.

ಗ್ಯುಮ್ರಿ ಪಟ್ಟಣದ ಅಂಚೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಲಕೋಟೆಗಳ ಮೇಲೆ ಮುದ್ರೆ ಒತ್ತುತ್ತಿದ್ದ ಜಾವೆನ್‌ಗೆ ನಲವತ್ತಾರಾಗಿತ್ತು, ಮದುವೆಯಾಗಿರಲಿಲ್ಲ. ಎದುರುಮನೆಯ ಅರುಸ್ಯಾಕ್ ಅಕ್ಕನೇ ಅವನಿಗೆ ತಾಯಿ, ಅಡುಗೆಯವಳು, ಪೊಲೀಸು ಎಲ್ಲ. ಆಕೆ ಮಗಳ ಬಾಣಂತನಕ್ಕೆಂದು ರಾಜಧಾನಿ ಯೆರೆವಾನಿಗೆ ಹೊರಟಾಗ ಬೀಗದ ಕೈಯನ್ನು ಅವನಿಗೆ ಕೊಟ್ಟು, ಬಾಲ್ಕನಿಯಲ್ಲಿ ಹಳೇ ತಗಡಿನ ಡಬ್ಬಿಯೊಳಗೆ ಬೆಳೆದಿದ್ದ ರೆಹಾನ್ ತೋರಿಸಿದ್ದಳು. ರೆಹಾನ್ ಅಂದರೆ ನಮ್ಮ ಕಾಮಕಸ್ತೂರಿಯೇ. ಆದರೆ ಅಲ್ಲಿಯದು ಹಸಿರಲ್ಲ, ಬದನೆಕಾಯಿ ಸಿಪ್ಪೆಯ ಹಾಗೆ ಕಡುನೇರಳೆ.

"ದಿನಾ ಸಂಜೆ ಒಂದು ಚೊಂಬು ನೀರು. ತುದೀಲಿ ಹೂ ಕಂಡ್ರೆ ಚಿವುಟಿ ಬಿಸಾಕು, ಇಲ್ಲಾಂದ್ರೆ ಎಲೆ ಕಹಿಯಾಗುತ್ತೆ. ನಮ್ಮಮ್ಮನ ಕೈಬೀಜ ಕಣೋ ಇದು."

"ಮಗು ಥರ ನೋಡ್ಕೋತೀನಿ, ಅಕ್ಕ."

ಒಂದು ವಾರ ಹಾಗೇ ನೋಡಿಕೊಂಡ. ಆಮೇಲೆ ಸಂತೆಯಿಂದ ತಂದ ಚೀಸು ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು. ಅದನ್ನು ನೀರಲ್ಲಿ ನೆನೆಹಾಕಿದ. ನೆನೆದ ನೀರನ್ನು ಚೆಲ್ಲುವುದೇಕೆ, ನೀರು ನೀರೇ ತಾನೆ ಎಂದುಕೊಂಡು ನಾಲ್ಕು ಸಂಜೆ ಗಿಡಕ್ಕೆ ಹೊಯ್ದ. ಭಾನುವಾರ ಬೆಳಿಗ್ಗೆ ನೋಡಿದರೆ ರೆಹಾನ್ ಹಿಂಡಿ ಒಣಹಾಕಿದ ಕಾಲುಚೀಲದ ಹಾಗೆ ಡಬ್ಬಿಯ ಅಂಚಿಗೆ ಜೋತುಬಿದ್ದಿತ್ತು. ಮುಟ್ಟಿದರೆ ಕಪ್ಪು ಪುಡಿ.

ಅಷ್ಟರಲ್ಲಿ ಫೋನು ಬಂತು.

"ಜಾವೆನ್, ನನ್ನ ಚಿನ್ನ, ಮೂರು ಗಂಟೆಗೆ ಬರ್ತಿದೀನಿ. ಒಬ್ಬಳೇ ಅಲ್ಲ. ನಮ್ಮ ಅಳಿಯನ ಕಡೆಯವಳು, ನಾಜೆಲಿ ಅಂತ. ಶಾಲೇಲಿ ಹಾಡು ಹೇಳಿಕೊಡ್ತಾಳೆ. ನಿನ್ನನ್ನ ನೋಡೋಕೆ ಬರ್ತಿದಾಳೆ ಕಣೋ!"

"ನನ್ನನ್ನಾ? ಇವತ್ತಾ?"

"ಇನ್ನೇನು, ಅರವತ್ತಾದ ಮೇಲಾ? ನೀನು ನನ್ನ ರೆಹಾನ್‌ನ ಹೇಗೆ ಸಾಕಿದೀಯ ಅಂತ ಹೇಳಿ ಹೇಳಿ ಅವಳ ಮನಸ್ಸು ಕರಗಿಸಿದೀನಿ. ಬಂದ ತಕ್ಷಣ ಅದನ್ನೇ ತೋರಿಸ್ತೀನಿ. ಶರ್ಟಿಗೆ ಇಸ್ತ್ರಿ ಹಾಕ್ಕೋ."

ಜಾವೆನ್ ಇಸ್ತ್ರಿ ಹಾಕಲಿಲ್ಲ, ಸಂತೆಗೆ ಓಡಿದ. ಅಲ್ಲಿ ರೆಹಾನ್ ರಾಶಿರಾಶಿ ಇತ್ತು, ಆದರೆ ಎಲ್ಲ ಕೊಯ್ದ ಕಟ್ಟು. ಬೇರಿದ್ದದ್ದು ಒಂದೂ ಇಲ್ಲ. ಸೊಪ್ಪು ಮಾರುವ ಮುದುಕಿ ನಕ್ಕಳು.

"ಆಗಸ್ಟಿನಲ್ಲಿ ಬೇರು ಸಮೇತ ಯಾರು ಕಿತ್ತು ಕೊಡ್ತಾರೋ ಮಗನೇ? ಬದುಕಿರೋರೆಲ್ಲ ಕೊಯ್ದು ತಿಂತಾರೆ. ಗುಡ್ಡದ ಮೇಲೆ ಮಲಗಿರೋರು ಮಾತ್ರ ಕೊಯ್ಯಲ್ಲ. ಅಲ್ಲಿ ಬೇಕಾದ್ರೆ ಹೋಗಿ ನೋಡು."

ಗುಡ್ಡದ ಮೇಲಿರುವುದು ಸ್ಮಶಾನ. ಮುದುಕಿ ಹೇಳಿದ್ದು ತಮಾಷೆಗೆ. ಆದರೆ ನೀರಲ್ಲಿ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ.

ಅವನು ಗುಡ್ಡ ಹತ್ತಿದಾಗ ಮಟಮಟ ಮಧ್ಯಾಹ್ನ. ಒಂದು ಹಕ್ಕಿಯ ಸದ್ದೂ ಇಲ್ಲ. ಕನ್ನಡಿಯಂತೆ ಉಜ್ಜಿದ ಕಪ್ಪು ಕಲ್ಲುಗಳು ಸಾಲುಸಾಲಾಗಿ ನಿಂತಿದ್ದವು. ಒಂದೊಂದರ ಮೇಲೂ ಒಳಗೆ ಮಲಗಿದವರ ಆಳೆತ್ತರದ ಚಿತ್ರ. ಸೂಟು ಹಾಕಿದವರು, ಪದಕ ತೊಟ್ಟವರು, ಸಿಗರೇಟು ಹಿಡಿದವರು. ಜಾವೆನ್ ನಡೆದ ಕಡೆಗೆಲ್ಲ ಅವರ ಕಣ್ಣೂ ತಿರುಗಿದಂತೆ ಕಾಣುತ್ತಿತ್ತು. ಕಲ್ಲುಗಳ ಹೊಳಪಿನೊಳಗೆ ಅವನ ನೆರಳೂ ಸತ್ತವರ ನಡುವೆ ತಲೆಬಾಗಿಸಿಕೊಂಡು ಓಡಾಡುತ್ತಿತ್ತು.

ಮೊದಲು ಬಂದದ್ದು ವಾಸನೆ, ಲವಂಗಕ್ಕೂ ಸೋಂಪಿಗೂ ನಡುವಿನದು. ಆಮೇಲೆ ಗಿಡ ಕಂಡಿತು, ಎರಡು ಗೇಣು ಎತ್ತರಕ್ಕೆ, ಪೊದೆಯಾಗಿ, ನೇರಳೆಯಾಗಿ. ಹಿಂದಿನ ಕಲ್ಲಿನ ಮೇಲೆ ಒಬ್ಬ ಹೆಂಗಸು ಕುರ್ಚಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಅವಳ ಗಂಡ, ಕುದುರೆ ಲಾಳದಂಥ ಮೀಸೆ, ಕೈಯಲ್ಲಿ ಟೋಪಿ. 'ಸಿರಾನುಷ್, ಯೆರ್ವಾಂಡ್' ಎಂದು ಕೆತ್ತಿತ್ತು.

ಜಾವೆನ್ ಮಂಡಿಯೂರಿದ.

"ಅಮ್ಮಾ, ಅಣ್ಣಾ, ತಪ್ಪು ತಿಳ್ಕೋಬೇಡಿ," ಎಂದು ಪಿಸುಗುಟ್ಟಿದ. "ನಿಮ್ಮಿಬ್ಬರಿಗೂ ಮದುವೆ ಆಗಿತ್ತು. ನಂಗಿನ್ನೂ ಆಗಿಲ್ಲ."

ಬೆರಳಿನಿಂದಲೇ ಬುಡ ಕೆದಕಿದ. ಮಣ್ಣು ಮೆತ್ತಗಿತ್ತು, ಒದ್ದೆಯಾಗಿತ್ತು. ಮಳೆ ಬಂದು ತಿಂಗಳಾಗಿದೆ, ಈ ಮಣ್ಣು ಮಾತ್ರ ಯಾಕೆ ಒದ್ದೆ ಎಂದು ಹೊಳೆದದ್ದೇ ಕೆದಕುವ ಕೈ ಚುರುಕಾಯಿತು. ಗಿಡ ಕಿತ್ತು ಎದೆಗವಚಿಕೊಂಡು ಎದ್ದ, ತಿರುಗಿದ.

ಇಪ್ಪತ್ತು ಹೆಜ್ಜೆ ಆಚೆ, ಎರಡು ಕಲ್ಲುಗಳ ಸಂದಿಯಲ್ಲಿ, ಅದೇ ಮೀಸೆ ನಿಂತಿತ್ತು.

ಅದೇ ಕಪ್ಪು ಸೂಟು. ಒಂದು ಕೈಯಲ್ಲಿ ಟೋಪಿ, ಇನ್ನೊಂದರಲ್ಲಿ ಬಕೆಟು. ಅಲುಗಾಟವಿಲ್ಲ. ಜಾವೆನ್ ಕಲ್ಲಿನ ಕಡೆ ನೋಡಿದ, ಅಲ್ಲೂ ಮೀಸೆ ಇತ್ತು. ಮತ್ತೆ ಈ ಕಡೆ ನೋಡಿದ, ಇಲ್ಲೂ ಇತ್ತು.

ಆಮೇಲೆ ಗುಡ್ಡ ಇಳಿದದ್ದು ಹೇಗೆಂದು ಅವನಿಗೇ ಗೊತ್ತಿಲ್ಲ. ಹೊರಡುತ್ತಿದ್ದ ವ್ಯಾನಿಗೆ ಹಾರಿ, ಮುಂದಿನ ಸೀಟಿನಲ್ಲಿ ಬಿದ್ದು, ಕಣ್ಣು ಮುಚ್ಚಿದ. ಪಕ್ಕದ ಹೆಂಗಸು ಮೂಗರಳಿಸಿ, "ಆಹಾ, ಏನು ಘಮ! ಎಲ್ಲಿದಪ್ಪಾ?" ಎಂದಳು.

"ಸಂ... ಸಂಬಂಧಿಕರ ಮನೇದು."

ಡ್ರೈವರನ ತಲೆಯ ಮೇಲಿನ ಕನ್ನಡಿಯ ಮೇಲೆ ಜಾವೆನ್‌ನ ಕಣ್ಣು ಬಿತ್ತು. ಕೊನೆಯ ಸೀಟಿನಲ್ಲಿ ಮೀಸೆ ಕೂತಿತ್ತು. ಅದು ಅವನನ್ನು ನೋಡುತ್ತಿರಲಿಲ್ಲ, ಗಿಡವನ್ನು ನೋಡುತ್ತಿತ್ತು.

ಜಾವೆನ್ ಎರಡು ಸ್ಟಾಪು ಮೊದಲೇ ಇಳಿದು ಓಡಿದ. ಅಂಗಳದ ಬೆಂಚಿನ ಮೇಲೆ ಕೆಳಮನೆಯ ಕ್ನಾರಿಕ್ ಸೂರ್ಯಕಾಂತಿ ಬೀಜ ಸುಲಿಯುತ್ತ ಕೂತಿದ್ದಳು. ಆ ಅಂಗಳದಲ್ಲಿ ಬೆಕ್ಕು ಸೀನಿದರೂ ಆಕೆಗೆ ಲೆಕ್ಕ ಒಪ್ಪಿಸಬೇಕು.

"ಏನೋ ಅದು?"

"ಸೊಪ್ಪು."

"ಸೊಪ್ಪಿಗೆ ಬೇರು ಯಾಕೋ? ಮಂಡಿ ಎಲ್ಲ ಯಾಕೆ ಮಣ್ಣು? ಮುಖ ಯಾಕೆ ಹಾಗೆ, ಹೆಣ ನೋಡಿದವನ ಹಾಗೆ?"

ಕೊನೆಯ ಪ್ರಶ್ನೆಗೆ ಜಾವೆನ್‌ನ ಕಾಲು ತಾನಾಗಿಯೇ ಮೂರು ಮೂರು ಮೆಟ್ಟಿಲು ಹಾರಿತು.

ಅರುಸ್ಯಾಕಳ ಬಾಲ್ಕನಿಯಲ್ಲಿ ಸತ್ತ ಗಿಡ ಕಿತ್ತೆಸೆದು ಹೊಸದನ್ನು ಡಬ್ಬಿಯಲ್ಲಿ ಊರಿ, ಮಣ್ಣು ಒತ್ತಿ, ನೀರು ಹಾಕಿದ. ಈ ಸಲ ನಲ್ಲಿಯ ನೀರು. ಗಿಡ ಸೆಟೆದು ನಿಂತಿತು. ಬಾಲ್ಕನಿಯಿಂದ ಬಗ್ಗಿ ನೋಡಿದ. ಗೇಟಿನ ಆಚೆ, ಮರದ ಕೆಳಗೆ, ಟೋಪಿ ಹಿಡಿದ ಆಕೃತಿಯೊಂದು ತಲೆಯೆತ್ತಿ ನೇರ ಆ ಡಬ್ಬಿಯನ್ನೇ ನೋಡುತ್ತಿತ್ತು. ಜಾವೆನ್ ಶಿಲುಬೆಯ ಗುರುತು ಮಾಡಿಕೊಂಡು ಪರದೆ ಎಳೆದ.

ಮೂರಕ್ಕೆ ಸರಿಯಾಗಿ ಅರುಸ್ಯಾಕ್ ಬಂದಳು. ಹಿಂದೆ ನಾಜೆಲಿ, ನಲವತ್ತೆಂಟರ ಹೆಂಗಸು, ತಿಳಿನಗು, ತಿದ್ದಿ ಬಾಚಿದ ತಲೆ. ಅವರ ಹಿಂದೆ, ಯಾರೂ ಕರೆಯದಿದ್ದರೂ, ಹೆಣ್ಣು ನೋಡಲೆಂದು ಕ್ನಾರಿಕ್.

ಅರುಸ್ಯಾಕ್ ಬಾಲ್ಕನಿಗೆ ಹೋದವಳೇ ಕೂಗಿಕೊಂಡಳು. "ಅಯ್ಯೋ ನನ್ನಪ್ಪಾ! ನಾನು ಬಿಟ್ಟು ಹೋದಾಗ ಗೇಣುದ್ದ ಇತ್ತು. ನೋಡು ನಾಜೆಲಿ, ಹೇಗೆ ಬೆಳೆಸಿದಾನೆ!"

ನಾಜೆಲಿ ಒಂದೆಲೆ ಮುರಿದು ಮೂಸಿ ಜಾವೆನ್‌ನತ್ತ ನೋಡಿದಳು. ಆ ನೋಟಕ್ಕೆ ಅವನು ಸ್ಮಶಾನವನ್ನೂ ಮರೆತ. "ನೀವೇ ಬೆಳೆಸಿದ್ದಾ?" ಎಂದಳು. "ಹ್ಞೂಂ," ಎಂದ. ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ದ್ರಾಕ್ಷಿ ಎಲೆಯಲ್ಲಿ ಮಾಂಸ ಸುತ್ತಿ ಬೇಯಿಸಿ ತಂದಿದ್ದ ದೋಲ್ಮಾ ತಟ್ಟೆಗೆ ಬಡಿಸು ಎಂದು ಅರುಸ್ಯಾಕ್ ಅವನನ್ನು ಅಡುಗೆಮನೆಗೆ ಅಟ್ಟಿದಳು.

ತಟ್ಟೆ ಹಿಡಿದು ಹೊರಬಂದಾಗ ಮೇಜಿನ ಸುತ್ತ ಮೂವರು ಹೆಂಗಸರಿದ್ದರು. ಅತಿಥಿಗಳಿಗೆಂದು ತೆರೆದೇ ಇಟ್ಟಿದ್ದ ಬಾಗಿಲಿನ ಹತ್ತಿರದ ಕುರ್ಚಿಯಲ್ಲಿ, ಮಂಡಿಯ ಮೇಲೆ ಟೋಪಿ ಇಟ್ಟುಕೊಂಡು, ಮೀಸೆಯೂ ಕೂತಿತ್ತು.

ಜಾವೆನ್ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದ. ಆದರೆ ಯಾರೂ ಬೆಚ್ಚಲಿಲ್ಲ. ಯಾರೂ ಮೀಸೆಯ ಕಡೆ ಮುಖ ತಿರುಗಿಸಲಿಲ್ಲ, ಅದರ ಜೊತೆ ಒಂದು ಮಾತೂ ಆಡಲಿಲ್ಲ. ಕ್ನಾರಿಕ್ ಅದರ ಎದೆಯ ಮುಂದೆಯೇ ಕೈ ಚಾಚಿ ಲಾವಾಶ್ ರೊಟ್ಟಿ ದಾಟಿಸಿದಳು. ಆಗ ಅವನಿಗೆ ಖಾತ್ರಿಯಾಯಿತು, ಇದು ತನ್ನ ಕಣ್ಣಿಗೆ ಮಾತ್ರ ಕಾಣುತ್ತಿದೆ. ಪಾಪ ಮಾಡಿದವನ ಕಣ್ಣಿಗೆ ಮಾತ್ರ.

"ಜಾವೆನ್, ಷರಬತ್ತು ಬೆರೆಸ್ತೀನಿ, ಲೋಟ ತಾ," ಎಂದಳು ಅರುಸ್ಯಾಕ್. ರೆಹಾನ್ ಎಲೆಗಳ ಮೇಲೆ ಬಿಸಿನೀರು ಹೊಯ್ದಿಟ್ಟಿದ್ದಳು. ನೀರು ಹಳೇ ಶಾಯಿಯ ಹಾಗೆ ಮಂಕುನೀಲಿಯಾಗಿತ್ತು. ಅದಕ್ಕೆ ನಿಂಬೆಹುಳಿ ಹಿಂಡಿದಳು. ನೀಲಿ ಅಳ್ಳಾಡಿ, ಸೀಳಿ, ಕಣ್ಣೆದುರೇ ರಕ್ತದ ಕೆಂಪಾಯಿತು. ಪ್ರತಿ ಬೇಸಿಗೆಯೂ ಅವನು ನೋಡಿದ್ದೇ. ಆದರೆ ಇವತ್ತು ಆ ಕೆಂಪಿನೊಳಗೆ ಮೀಸೆಯ ಪ್ರತಿಬಿಂಬ ತೇಲುತ್ತಿತ್ತು.

ಮೀಸೆ ಕೈಚಾಚಿ ಲೋಟ ಎತ್ತಿತು, ಕುಡಿಯಿತು. ತಟ್ಟೆಯಿಂದ ಒಂದು ನೇರಳೆ ಕುಡಿ ತೆಗೆದು ಮೂಗಿಗೆ ಹಿಡಿದು ಕಣ್ಣು ಮುಚ್ಚಿತು. ಆಮೇಲೆ, ಬಾವಿಯ ತಳದಿಂದ ಬಂದಂಥ ದನಿಯಲ್ಲಿ ಕೇಳಿತು:

"ನನ್ನ ಹೆಂಡತಿ ನಿಮಗೆ ಎಷ್ಟು ವರ್ಷದಿಂದ ಪರಿಚಯ?"

ಜಾವೆನ್ ಗೋಡೆಗೆ ಒರಗಿದ. ಅರುಸ್ಯಾಕ್ ಸೌಟು ಕೆಳಗಿಟ್ಟು, "ಯಾರನ್ನ ಕೇಳ್ತಿದೀರಿ, ಅಣ್ಣಾ?" ಎಂದಳು.

"ಅಕ್ಕಾ!" ಜಾವೆನ್ ಕಿರುಚಿದ. "ನಿಮಗೂ ಕಾಣ್ತಿದಾರಾ?"

"ಕಾಣದೇ ಏನು ಬಂತು? ನೀನು ಒಳಗಿದ್ದಾಗ ನಾನೇ ಕುರ್ಚಿ ಕೊಟ್ಟೆ. ನಿನ್ನ ಸೋದರಮಾವ ಅಲ್ವಾ?"

"ನಾನು ಹೆಣ್ಣಿನ ಕಡೆಯವರು ಅಂದ್ಕೊಂಡೆ," ಎಂದಳು ಕ್ನಾರಿಕ್.

"ನಾನು ಗಂಡಿನ ಕಡೆ ಹಿರಿಯರು ಅಂದ್ಕೊಂಡೆ," ಎಂದಳು ನಾಜೆಲಿ ಮೆಲ್ಲಗೆ. "ಅವರೇ ಮೊದಲು ಮಾತಾಡಲಿ ಅಂತ ಸುಮ್ಮನಿದ್ದೆ."

"ಇವರು ಸತ್ತಿದಾರೆ!" ಜಾವೆನ್ ಬೆರಳು ತೋರಿಸಿದ. "ಕಲ್ಲಿನ ಮೇಲೆ ಚಿತ್ರ ಇದೆ! ಹೆಸರಿದೆ! ಯೆರ್ವಾಂಡ್!"

ಮೀಸೆಯವನು ನಿಟ್ಟುಸಿರಿಟ್ಟ. "ಹುಟ್ಟಿದ ವರ್ಷವೂ ಇದೆ. ಸತ್ತ ವರ್ಷ ಖಾಲಿ ಬಿಟ್ಟಿದೆ, ನೋಡಲಿಲ್ವಾ? ಸಿರಾನುಷ್ ಹೋದಾಗ ನನ್ನ ಚಿತ್ರಾನೂ ಜೊತೆಗೇ ಕೆತ್ತಿಸಿಬಿಟ್ಟೆ. ಮಕ್ಕಳಿಲ್ಲ. ಆಮೇಲೆ ಯಾರು ಕೆತ್ತಿಸ್ತಾರೆ?" ಟೋಪಿಯನ್ನು ಒಮ್ಮೆ ತಿರುಗಿಸಿದ. "ಆರು ವರ್ಷದಿಂದ ಭಾನುವಾರ ಭಾನುವಾರ ಅವಳ ರೆಹಾನ್‌ಗೆ ನೀರು ಹಾಕ್ತೀನಿ. ಇವತ್ತು ಇನ್ನೊಂದು ಬಕೆಟು ತರೋಣ ಅಂತ ನಲ್ಲಿಗೆ ಹೋಗಿ ಬರ್ತೀನಿ, ಒಬ್ಬ ಗಂಡಸು ಅವಳ ಮುಂದೆ ಮಂಡಿಯೂರಿದಾನೆ! ಪಿಸಿಪಿಸಿ ಮಾತಾಡ್ತಾನೆ! ಗಿಡ ಎದೆಗವಚಿಕೊಂಡು ಓಡ್ತಾನೆ! ನಾನು ಏನು ತಿಳ್ಕೋಬೇಕು, ಹೇಳಿ?"

ಮೂವರು ಹೆಂಗಸರೂ ಒಟ್ಟಿಗೆ ಮೇಜಿನ ಮೇಲಿದ್ದ ನೇರಳೆ ಸೊಪ್ಪನ್ನು ನೋಡಿದರು. ಕ್ನಾರಿಕ್ ಅಗಿಯುವುದನ್ನು ನಿಲ್ಲಿಸಿದಳು. ಅವಳ ಒಂದು ಕೆನ್ನೆ ಹಾಗೇ ಉಬ್ಬಿಕೊಂಡಿತ್ತು.

"ಯಾವ ಗಿಡ, ಜಾವೆನ್?" ಎಂದಳು ಅರುಸ್ಯಾಕ್. ಆ ದನಿ ಸ್ಮಶಾನಕ್ಕಿಂತ ತಣ್ಣಗಿತ್ತು.

ಜಾವೆನ್ ಎಲ್ಲವನ್ನೂ ಕಕ್ಕಿದ. ಚೀಸು, ಉಪ್ಪುನೀರು, ಸಂತೆಯ ಮುದುಕಿ, ಗುಡ್ಡ. "ಅವರು ಯಾರು ಅಂತಾನೂ ನಂಗೊತ್ತಿಲ್ಲ," ಎಂದು ಮೀಸೆಯವನಿಗೆ ಕೈಮುಗಿದ. "ನಿಮ್ಮಾಣೆ, ಅವರನ್ನ ನಾನು ಕಂಡೇ ಇಲ್ಲ."

ಮೀಸೆಯವನಿಗೆ ಸಮಾಧಾನವಾಗಬೇಕಿತ್ತು. ಆದರೆ ಅವನ ಮುಖ ಸೊರಗಿತು.

"ಕಂಡೇ ಇಲ್ವಾ?" ಎಂದ. "ನಾನು ಜಗಳಕ್ಕೆ ಬಂದಿರಲಿಲ್ಲ. ದಾರೀಲಿ ಕೋಪ ಇತ್ತು, ನಿಜ. ಆದ್ರೆ ಕೆಳಗೆ ಮರದ ಹತ್ರ ನಿಂತಾಗ ಅನ್ನಿಸ್ತು, ಅವಳನ್ನ ನೆನೆಸ್ಕೊಳ್ಳೋನು ಇನ್ನೊಬ್ಬ ಇದಾನಲ್ಲ ಅಂತ. ಕೂತು ಅವಳ ಬಗ್ಗೆ ಒಂದೆರಡು ಮಾತಾಡೋಣ ಅಂತ ಹತ್ತಿ ಬಂದೆ."

ಅರುಸ್ಯಾಕ್ ಜಾವೆನ್‌ಗೆ ಬಾರಿಸಲೆಂದು ಎತ್ತಿದ ಪಾತ್ರೆ ಒರೆಸುವ ಬಟ್ಟೆಯಿಂದ ತನ್ನ ಕಣ್ಣೊರೆಸಿಕೊಂಡಳು. ಆಗ ನಾಜೆಲಿ ತನ್ನ ಕುರ್ಚಿಯನ್ನು ಸ್ವಲ್ಪ ಆ ಕಡೆಗೆ ಎಳೆದುಕೊಂಡಳು.

"ನನ್ನ ಹತ್ರ ಹೇಳಿ," ಎಂದಳು. "ಅವರು ರೆಹಾನ್‌ನ ಯಾವುದಕ್ಕೆ ಹಾಕ್ತಿದ್ರು?"

"ಎಲ್ಲದಕ್ಕೂ," ಎಂದ ಯೆರ್ವಾಂಡ್. "ಒಂದ್ಸಲ ಚಹಾಕ್ಕೂ ಹಾಕಿದ್ಳು. ಕುಡಿಯೋಕಾಗಲಿಲ್ಲ. ಕುಡಿದೆ."

ನಾಜೆಲಿ ನಕ್ಕಳು. ಅವನೂ ನಕ್ಕ. ಕಲ್ಲಿನ ಮೇಲಿನ ಆ ಮೀಸೆ ನಗಬಲ್ಲದು ಎಂದು ಜಾವೆನ್ ಎಣಿಸಿರಲಿಲ್ಲ. ಮಾತು ಚಹಾದಿಂದ ಉಪ್ಪಿನಕಾಯಿಗೆ, ಅಲ್ಲಿಂದ ಹಾಡಿಗೆ ಹೋಯಿತು. ಸಿರಾನುಷ್ ಹಾಡುತ್ತಿದ್ದ ಹಾಡೊಂದು ನಾಜೆಲಿಗೂ ಬರುತ್ತಿತ್ತು, ಮೆಲ್ಲಗೆ ಎರಡು ಸಾಲು ಗುನುಗಿದಳು. ಜಾವೆನ್ ಇಸ್ತ್ರಿಯಿಲ್ಲದ ಶರ್ಟಿನಲ್ಲಿ ಒಂದು ಗಂಟೆ ಅವರಿಬ್ಬರಿಗೂ ಷರಬತ್ತು ಬಡಿಸಿದ. ಅವನ ಕಡೆ ಯಾರೂ ತಿರುಗಿ ನೋಡಲಿಲ್ಲ.

ಕೊನೆಗೆ ಅರುಸ್ಯಾಕ್ ತೀರ್ಪು ಕೊಟ್ಟಳು. "ಹೊತ್ತು ಮುಳುಗೋ ಮೊದ್ಲು ಗಿಡ ಅದರ ಜಾಗಕ್ಕೆ ಹೋಗಬೇಕು. ಕಿತ್ತವನೇ ನೆಡಬೇಕು."

"ನಾನೂ ಬರ್ತೀನಿ," ಎಂದಳು ನಾಜೆಲಿ. ಜಾವೆನ್‌ನ ಎದೆಯಲ್ಲಿ ಆಸೆ ಮತ್ತೆ ಚಿಗುರಿತು.

ಮೂವರೂ ಗುಡ್ಡ ಹತ್ತುವಾಗ ಬಿಸಿಲು ಕೆಂಪಗೆ ವಾಲಿತ್ತು. ಮುಂದೆ ಯೆರ್ವಾಂಡ್ ಮತ್ತು ನಾಜೆಲಿ, ಹಿಂದೆ ಡಬ್ಬಿ ಹೊತ್ತ ಜಾವೆನ್. ಕಲ್ಲಿನೊಳಗಿನವರು ಮಧ್ಯಾಹ್ನದ ಹಾಗೆಯೇ ಅವನನ್ನು ದಿಟ್ಟಿಸುತ್ತಿದ್ದರು. ಈಗ ಅವರ ತುಟಿಯಂಚಿನಲ್ಲಿ ನಗುವೂ ಇದ್ದಂತೆ ಕಂಡಿತು. ಅವನು ಮಂಡಿಯೂರಿ, ತೋಡಿ, ಗಿಡ ಊರಿ, ಬುಡಕ್ಕೆ ಮಣ್ಣೆಳೆದ. ತಲೆಯೆತ್ತಿ, ಈಗಲಾದರೂ ನಾಜೆಲಿಗೆ ಒಂದು ಮಾತು ಹೇಳೋಣ ಎಂದುಕೊಂಡ.

ನಾಜೆಲಿ ಅವನನ್ನು ನೋಡುತ್ತಿರಲಿಲ್ಲ. ಕಲ್ಲಿನ ಹತ್ತಿರ ಹೋಗಿ ಸಿರಾನುಷಳ ಚಿತ್ರಕ್ಕೆ ಕೈಮುಗಿದು, ಯೆರ್ವಾಂಡನ ಚಿತ್ರದ ಆಚೆ ಬದಿಯಲ್ಲಿ ಖಾಲಿ ಇದ್ದ ನುಣುಪು ಕಪ್ಪಿನ ಮೇಲೆ ಮೆಲ್ಲಗೆ ಅಂಗೈಯಾಡಿಸುತ್ತಿದ್ದಳು.

"ಈ ಕಡೆ ಇನ್ನೊಬ್ಬರಿಗೆ ಜಾಗ ಇದೆ, ಅಲ್ವಾ?" ಎಂದಳು.

ಯೆರ್ವಾಂಡ್ ಕೆಮ್ಮಿದ, ಮೀಸೆ ತಿರುವಿದ. ಸಿರಾನುಷಳ ಕಡೆ ಒಂದು ಸಲ ಹೆದರಿಕೆಯಿಂದ ನೋಡಿದ. ಆಮೇಲೆ, ಮಧ್ಯಾಹ್ನ ಅಲ್ಲೇ ಬಿಟ್ಟು ಬಂದಿದ್ದ ಬಕೆಟನ್ನು ಜಾವೆನ್‌ನ ಕಡೆ ನೂಕಿ ಹೇಳಿದ:

"ತಮ್ಮಾ, ನಲ್ಲಿ ಸ್ವಲ್ಪ ದೂರ ಇದೆ. ನಿಧಾನಕ್ಕೆ ಹೋಗಿ ಬಾ."